ತೊಳೆದಿಟ್ಟ ಹೆಪ್ಪಿನ ಗಡಿಗೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಕೂಡ ಇನ್ನೂ ಹುಟ್ಟದೆ ಇದ್ದಾಗ, ಅಡವಿ ನಡುವೆ ಒಂದೇ ಮನೆಯ ಗೊಲ್ಲರ ಹಟ್ಟಿ ಇತ್ತಂತೆ. ಅಲ್ಲಿ ಕ್ಯಾತಮ್ಮ ಅಂತ ಯಜಮಾನಿ, ಅವಳಿಗೆ ಮೂವರು ಸೊಸೆಯರು. ಆ ಮನೆ ಮೊಸರು ಗಡಿಗೆ ಬೋರಲು ಹಾಕಿದ್ರೂ ಬೀಳ್ತಿರಲಿಲ್ಲವಂತೆ, ಅಷ್ಟು ಗಟ್ಟಿ. ಯಾಕಂದ್ರೆ ಆ ಹೆಪ್ಪು ಕ್ಯಾತಮ್ಮನ ಅತ್ತೆಯ ಅತ್ತೆ ಕಾಲದ್ದು. ಇವತ್ತಿನ ಮೊಸರಲ್ಲಿ ಒಂಚೂರು ಉಳಿಸಿ ನಾಳೆ ಹಾಲಿಗೆ ಹಾಕೋದು, ಒಂದಿನಾನೂ ತಪ್ಪಿರಲಿಲ್ಲ.

ಒಂದ್ಸಲ ಕ್ಯಾತಮ್ಮ ಮಗಳ ಬಾಣಂತನಕ್ಕೆ ಹೊರಟಳಂತೆ. ಹೊಸದಾಗಿ ಬಂದ ಕಿರಿಸೊಸೆ ಜುಂಜಮ್ಮನ್ನ ಕರೆದು, ನೋಡವ್ವ, ನಾನು ಬರೋದು ಒಂದು ತಿಂಗಳಾಗುತ್ತೆ, ಹೆಪ್ಪಿನ ಗಡಿಗೆ ನಿನ್ನ ಕೈಲಿದೆ, ಜೋಪಾನ ಅಂದಳಂತೆ. ದೊಡ್ಡ ಸೊಸೆಯರಿಬ್ಬರ ಮುಖ ಊದಿಕೊಳ್ತು. ಜುಂಜಮ್ಮನಿಗೆ ಹೆಮ್ಮೆನೂ ಆಯ್ತು, ಭಯಾನೂ ಆಯ್ತು. ಹೆಪ್ಪು ಕೆಟ್ಟರೆ ಆ ಮನೇಲಿ ಬಾಯಿ ಬಿಡೋ ಹಾಗುಂಟಾ ಅವಳು?

ಆಮೇಲೆ ಮಾರನೇ ದಿನ ಮಧ್ಯಾಹ್ನ ಗುರುಕುಲದ ಮುದಿ ಶಾಸ್ತ್ರಿಗಳೊಬ್ಬರು ಬಿಸಿಲಲ್ಲಿ ಬಳಲಿ ಬಂದ್ರಂತೆ. ದಧಿ ಇದ್ರೆ ಶಿಖರಿಣಿ ಮಾಡಿಕೊಡು ತಾಯಿ ಅಂದ್ರು. ಅದೇನು ಸ್ವಾಮಿ ಅಂದ್ರೆ, ಮೊಸರು ಸೋಸಿ, ಸಕ್ಕರೆ ಏಲಕ್ಕಿ ಹಾಕಿ ಕದಡೋದಂತೆ. ಹಾಲಿಗೆ ಕ್ಷೀರ, ಮೊಸರಿಗೆ ದಧಿ, ಮಜ್ಜಿಗೆಗೆ ತಕ್ರ, ಬೆಣ್ಣೆಗೆ ನವನೀತ, ತುಪ್ಪಕ್ಕೆ ಘೃತ, ಎಲ್ಲಾ ಬಾಯಿಪಾಠ ಮಹಾರಾಯರಿಗೆ, ಹಾಲು ಕಾಯಿಸಿದ್ದು ಮಾತ್ರ ಒಂದಿನಾನೂ ಇಲ್ಲ. ಜುಂಜಮ್ಮ ಇದ್ದಬದ್ದ ಮೊಸರೆಲ್ಲ ಸುರಿದು ಮಾಡಿಕೊಟ್ಟಳು, ಅವರು ಬೆರಳು ಚೀಪಿ ತಿಂದ್ರು. ಆಮೇಲೆ ಏನು ಮಾಡಿದಳು ಗೊತ್ತಾ, ಹೆಪ್ಪಿನ ಗಡಿಗೆಗೆ ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದಿಟ್ಟಳು. ಪಾಪ, ತವರಲ್ಲಿ ಹಾಲು ಕರಾವು ಇರಲಿಲ್ಲ, ಪಾತ್ರೆ ಬೆಳಗಿದಷ್ಟೂ ಜಾಣೆ ಅನ್ನಿಸ್ಕೊಂಡು ಬೆಳೆದವಳು. ಹಟ್ಟೀಲಿ ಆ ಗಡಿಗೆಗೆ ನೀರೇ ಸೋಕಿಸಲ್ಲ, ಒಳಗೆ ಅಂಟಿಕೊಂಡಿದ್ದೇ ನಾಳೆಗೆ ಹೆಪ್ಪು.

ಸಂಜೆ ಹಾಲು ಕಾಯಿಸಿ ನೋಡ್ತಾಳೆ, ಹೆಪ್ಪಿಲ್ಲ, ಮಜ್ಜಿಗೇನೂ ಖಾಲಿ. ಕೂತು ಅತ್ತಳಂತೆ. ಜಗಲೀಲಿ ಮಲಗಿದ್ದ ಶಾಸ್ತ್ರಿಗಳು ಎದ್ದು ಬಂದು, ಹಿಂದಿನವರು ಅಕ್ಕಿಕಾಳು, ಬೋರೆಹಣ್ಣು, ಮುತ್ತುಗದ ತೊಗಟೆ ಹಾಕಿನೂ ಹಾಲು ಹೆಪ್ಪಾಗಿಸ್ತಿದ್ರು ಅಂತ ಓದಿದೀನಿ ತಾಯಿ ಅಂದ್ರು. ಎಷ್ಟೆಷ್ಟು ಹಾಕಬೇಕು ಸ್ವಾಮಿ ಅಂದಳು. ಅದು ಬರೆದಿಲ್ಲ ಅಂದ್ರಂತೆ.

ಆಮೇಲೆ ಮೊದಲನೇ ದಿನ ಅಕ್ಕಿಕಾಳು ಹಾಕಿದಳು, ಬೆಳಿಗ್ಗೆ ನೋಡಿದ್ರೆ ಗಂಜಿ ನಾತ. ಎರಡನೇ ದಿನ ಬೋರೆಹಣ್ಣು ಹಾಕಿದಳು, ಹಾಲು ಒಡೆದು ನೀರೇ ಬೇರೆ, ಗಂಟೇ ಬೇರೆ. ಓರಗಿತ್ತಿಯರು ಸೆರಗು ಅಡ್ಡ ಹಿಡಿದು ನಕ್ಕರು. ಮೂರನೇ ದಿನ ಮುತ್ತುಗದ ತೊಗಟೆ ಹಾಕಿದಳು, ಬೆಳಿಗ್ಗೆ ಮೊಸರು ಆಗಿತ್ತಂತೆ, ಆದರೆ ಬಾಯಿಗಿಟ್ಟರೆ ಬರೀ ಒಗರು. ಆದ್ರೂ ಅವಳು ಬಿಡಲಿಲ್ಲ. ಅದರಲ್ಲೇ ಒಂಚೂರು ತೆಗೆದು ನಾಳೆಗೆ, ನಾಳೇದರಲ್ಲಿ ನಾಡಿದ್ದಿಗೆ, ಹೀಗೆ ದಿನಾ ಹಾಕ್ತಾ ಹಾಕ್ತಾ ಒಗರು ಇಳೀತಂತೆ, ಆಮೇಲೆ ಗಟ್ಟಿಯಾಯ್ತು, ಆಮೇಲೆ ಸಿಹಿ ಬಂತು.

ತಿಂಗಳು ಕಳೆದು ಕ್ಯಾತಮ್ಮ ಬಂದು ಊಟಕ್ಕೆ ಕೂತಳು. ಒಂದು ತುತ್ತು ಮೊಸರನ್ನ ಬಾಯಿಗಿಟ್ಟವಳು ಅಲ್ಲೇ ನಿಲ್ಲಿಸಿ, ಇದು ನಮ್ಮ ಹೆಪ್ಪಲ್ಲ ಅಂದಳಂತೆ. ಜುಂಜಮ್ಮ ಒಂದೂ ಮುಚ್ಚಿಡದೆ ಹೇಳಿಬಿಟ್ಟಳು. ಅತ್ತೆ ತನ್ನ ಗಂಟು ಬಿಚ್ಚಿ ಪುಟ್ಟ ಕುಡಿಕೆ ತೆಗೆದಳು. ಆ ಮನೆ ಹೆಣ್ಣುಮಕ್ಕಳು ಗಂಡನ ಮನೆಗೆ ಹೆಪ್ಪು ಒಯ್ಯೋದು ಪದ್ಧತಿ, ಹಾಗಾಗಿ ಹಳೇ ಹೆಪ್ಪು ಮಗಳ ಮನೇಲಿತ್ತು. ಹೊಸ ಹುಡುಗಿ ಎಲ್ಲಿ ಕೆಡಿಸಿರ್ತಾಳೋ ಅಂತ ಮುದುಕಿ ಮುಂಚೇನೇ ಯೋಚಿಸಿ ಅದರಲ್ಲಿ ಒಂಚೂರು ತಂದಿದ್ದಳು. ಇನ್ನು ನನ್ನ ಮೊಸರು ದನದ ಕಲಗಚ್ಚಿಗೇ ಸೈ ಅಂತ ಜುಂಜಮ್ಮನ ಕಣ್ಣು ತುಂಬ್ತು.

ಕ್ಯಾತಮ್ಮ ಆ ಕುಡಿಕೇನ ತನ್ನ ಅನ್ನಕ್ಕೇ ಬಗ್ಗಿಸಿಕೊಂಡು, ಕಲಸಿ, ಪೂರ್ತಿ ಉಂಡುಬಿಟ್ಟಳಂತೆ. ಉಂಡು ಕೈ ತೊಳೆದು, ನಮ್ಮತ್ತೆ ಹೆಪ್ಪು ಮಗಳ ಮನೇಲಿ ಸುಖವಾಗಿದೆ ಕಣವ್ವ, ಈ ಮನೇಲಿ ಇನ್ಮೇಲೆ ನಿಂದೇ ಅಂದಳಂತೆ. ಆಮೇಲೆ ಎಲ್ಲರೂ ಅದನ್ನೇ ಉಂಡು ತಣ್ಣಗೆ ಬಾಳಿದ್ರು, ಕತೆ ಮುಗೀತು, ನೀನಿನ್ನು ಮಲಕ್ಕೊ ಕಂದ.