ಟೈರಿನ ಮೇಲಿನ ವಿಭೂತಿ

ಹೊಳೆದಂಡೆಯ ಆ ಮಠದಲ್ಲಿ ಇದ್ದದ್ದು ಅಜ್ಜಾರು, ಅವರ ಶಿಷ್ಯ ಕೊಟ್ರೇಶ, ಭಕ್ತರೊಬ್ಬರು ಕೊಟ್ಟ ಒಂದು ಬಿಳಿ ಕಾರು. ಇಷ್ಟೇ.

ಕಾರು ಶೆಡ್ಡಿನಿಂದ ಹೊರಬೀಳುತ್ತಿದ್ದುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಅದೂ ಯಾರಾದರೂ ಭಕ್ತರು ಬಂದು ಓಡಿಸಿದರೆ, ಪಕ್ಕದೂರಿಗೆ, ಎಮ್ಮೆಗಳ ಹಿಂದೆ ಎಮ್ಮೆಯ ನಡಿಗೆಯಲ್ಲಿ.

ಆವತ್ತಿನ ಮಾತೇ ಬೇರೆ. ಅಜ್ಜಾರಿಗೆ ದೀಕ್ಷೆ ಕೊಟ್ಟ ಹಿರಿಯ ಅಜ್ಜಾರು, ತೊಂಬತ್ತು ದಾಟಿದವರು, ಮಧ್ಯಾಹ್ನದ ರೈಲಿಗೆ ಬರುವವರಿದ್ದರು. ಸ್ಟೇಷನ್ನು ನಲವತ್ತು ಕಿಲೋಮೀಟರು ದೂರ, ಅರ್ಧಕ್ಕರ್ಧ ಹೆದ್ದಾರಿ. ಅವರನ್ನು ಕರೆತರುವ ಸೇವೆ ಕೊಟ್ರೇಶನದು. ಅವನ ಲೈಸೆನ್ಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಸುಕಿನಲ್ಲೇ ಎದ್ದು ಕಾರು ತೊಳೆದ. ಗಾಳಿ ತುಂಬಿಸಿಕೊಂಡು ಬಂದ. ಆಮೇಲೆ ನಾಲ್ಕೂ ಟೈರಿನ ವಿಭೂತಿ ತೀಡಲು ಕೂತ.

ಈ ವಿಭೂತಿಯದೊಂದು ಕಥೆ. ಮಹಾನವಮಿಗೆ ಹಚ್ಚಿದ್ದು ಒಂದು ಸಲ ತೊಳೆದರೆ ಹೋಗುತ್ತದಲ್ಲ ಎಂದು ಕೊಟ್ರೇಶನಿಗೆ ಬೇಜಾರು. ಐದು ವರ್ಷದ ಹಿಂದೆ ಬಿಳಿ ಆಯಿಲ್ ಪೇಂಟ್ ತಂದು ಮೂರು ಮೂರು ಪಟ್ಟೆ ಎಳೆದೇಬಿಟ್ಟಿದ್ದ. ಎಳೆದದ್ದು ಪ್ರತಿ ಟೈರಿನ ಮಗ್ಗುಲಲ್ಲಿದ್ದ ಮೊಟ್ಟೆಯಾಕಾರದ ಒಂದು ಸಣ್ಣ ಜಾಗದ ಮೇಲೆ. ಕಂಪನಿಯವರು ಪೂಜೆಗೆಂದೇ ಬಿಟ್ಟಿದ್ದಾರೆ ಎಂದು ಅವನ ನಂಬಿಕೆ.

ಅಜ್ಜಾರು ಕೋಲೂರಿಕೊಂಡು ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಸನ್ಯಾಸಕ್ಕೆ ಮೊದಲು ಅವರು ಲಾರಿ ಓಡಿಸುತ್ತಿದ್ದರೆಂದು ಊರಲ್ಲಿ ಗುಸುಗುಸು ಇತ್ತು. ಅವರು ಹೌದೆಂದೂ ಅಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ.

"ಟೈರಿನ ಮ್ಯಾಲೆ ಏನ್ ಬರದಾರ, ಓದು," ಅಂದರು.

ಕೊಟ್ರೇಶ ಇದಕ್ಕೇ ಕಾದಿದ್ದ. ನೂರಾ ಅರವತ್ತೈದು ಎಂದರೆ ಅಗಲ, ಮಿಲಿಮೀಟರಿನಲ್ಲಿ. ಎಂಬತ್ತು ಎಂದರೆ ಆ ಅಗಲದ ನೂರಕ್ಕೆ ಎಂಬತ್ತರಷ್ಟು ಎತ್ತರ. ಹದಿನಾಲ್ಕು ಎಂದರೆ ರಿಮ್ಮಿನ ಇಂಚು. ಮುಂದಿನದು ಹೊರುವ ಭಾರದ ಗುರುತು, ಅದರ ಪಕ್ಕದ ಅಕ್ಷರ ವೇಗದ್ದು. ಗಾಳಿ ಎಷ್ಟೆಂಬುದೂ ಇಲ್ಲೇ ಇದೆ, ಅಷ್ಟನ್ನೂ ತುಂಬಿಸಿದ್ದೇನೆ ಎಂದು ಎದೆ ಉಬ್ಬಿಸಿದ.

ಅದು ಟೈರು ತಡೆಯುವ ಮಿತಿ, ಈ ಕಾರಿಗೆ ಬೇಕಾದದ್ದಲ್ಲ ಎಂದರು ಅಜ್ಜಾರು. ಬಾಗಿಲ ಚೌಕಟ್ಟಿನ ಚೀಟಿ ನೋಡಲು ಹೇಳಿದರು. ಚೀಟಿಯಲ್ಲಿ ಮೂವತ್ತಿತ್ತು. ಕೊಟ್ರೇಶ ತುಂಬಿಸಿದ್ದು ನಲವತ್ತನಾಲ್ಕು. ಎದೆ ಸ್ವಲ್ಪ ಇಳಿಯಿತು.

"ಇದರ ವಯಸ್ಸೆಷ್ಟು?"

"ಹೊಸಾವದಾವ್ರಿ ಅಜ್ಜಾರ. ಗೆರಿ ನೋಡ್ರಿ, ಎಷ್ಟು ಆಳ ಅದಾವು. ಓಡಿದ್ದರ ಎಲ್ಲಿ ಓಡ್ಯಾವು?"

ಅಜ್ಜಾರು ಒಳಗೆ ಹೋಗಿ ಒಂದು ಕಟ್ಟು ತಂದರು. ಹಿರಿಯ ಅಜ್ಜಾರು ಬರೆದ ಹಳೇ ಕಾಗದಗಳು, ಸುತ್ತ ಒಂದು ರಬ್ಬರ್ ಬ್ಯಾಂಡು. ಬಿಚ್ಚೆಂದು ಕೊಟ್ಟರು. ಕೊಟ್ರೇಶ ಬೆರಳು ತೂರಿಸಿದ್ದೇ ತಡ, ಬ್ಯಾಂಡು ಪಟ್ಟಂತ ಹರಿದು ಎರಡು ತುಂಡಾಯಿತು.

"ಕಟ್ಟಿದಾಗಿಂದ ಒಂದಿನಾನೂ ಅದನ್ನ ಯಾರೂ ಜಗ್ಗಿಲ್ಲ," ಎಂದರು ಅಜ್ಜಾರು.

ಕೊಟ್ರೇಶ ತುಂಡುಗಳನ್ನು ನೋಡಿದ, ಟೈರನ್ನು ನೋಡಿದ. ಅದರ ಮೇಲೆ ಓದದೆ ಉಳಿದದ್ದು ಪಟ್ಟೆಯ ಕೆಳಗಿನದೊಂದೇ. ಯಾರೂ ಹೇಳದೆಯೇ ಓಡಿಹೋಗಿ ಸೀಮೆಎಣ್ಣೆ, ಚಿಂದಿಬಟ್ಟೆ ತಂದು ಪಟ್ಟೆಗಳನ್ನು ಉಜ್ಜತೊಡಗಿದ. ಐದು ವರ್ಷದ ಭಕ್ತಿ ಸುಲಭಕ್ಕೆ ಬಿಡಲಿಲ್ಲ. ಬಿಟ್ಟಮೇಲೆ ಮೊಟ್ಟೆಯಾಕಾರದ ಜಾಗದಲ್ಲಿ ನಾಲ್ಕು ಅಂಕಿ ಕಂಡವು: ಮೂರು, ಒಂದು, ಒಂದು, ಮೂರು.

ಮೊದಲೆರಡು ವಾರ, ಕೊನೆಯೆರಡು ವರ್ಷ ಎಂದು ಅಜ್ಜಾರು ತಿಳಿಸಿದರು. ಎರಡು ಸಾವಿರದ ಹದಿಮೂರರ ಮೂವತ್ತೊಂದನೇ ವಾರ. ಕೊಟ್ರೇಶ ಬೆರಳು ಮಡಿಸಿ ಎಣಿಸಿದ. ಹನ್ನೆರಡನೇ ವರ್ಷ ನಡೆಯುತ್ತಿತ್ತು. ಬಣ್ಣ ಹೋದಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳು.

"ನಿನ್ನೊಬ್ಬನ ತಪ್ಪಲ್ಲೋ," ಎಂದರು ಅಜ್ಜಾರು. "ಐದು ವರ್ಷ ನಾನೂ ವಿಭೂತಿ ನೋಡಿ ಕೈ ಮುಗುದೆ."

ಆಮೇಲೆ ಸೊಂಟದಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟರು. "ಹೋಗೂದು ಬಿಡೂದು ನಿನಗ ಬಿಟ್ಟಿದ್ದು."

ರೈಲಿಗೆ ಎರಡು ತಾಸು ಉಳಿದಿತ್ತು. ಬಿಸಿಲು ಆಗಲೇ ಕಾದಿತ್ತು; ಹೆದ್ದಾರಿಯ ವೇಗದಲ್ಲಿ ಟೈರೂ ಆ ಬ್ಯಾಂಡಿನಂತೆ ಪಟ್ಟಂತ ಹರಿದರೆ? ಇದೊಂದು ಸಲ ತಾನೇ, ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದಿತು ಮನಸ್ಸು. ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತ ತೊಂಬತ್ತರ ಮುದುಕರು ಕಣ್ಣಿಗೆ ಕಟ್ಟಿದರು. ಕೊಟ್ರೇಶನಿಗೆ ಅಳು ಬಂತು. ಕೀಲಿಯನ್ನು ಗೂಟಕ್ಕೆ ಹಾಕಿ ಸೇತುವೆಯ ಕಡೆ ಓಡಿದ.

ಅಲ್ಲಿ ಬಾಡಿಗೆ ಕಾರಿನ ದಾದಾಪೀರ ಇರುತ್ತಿದ್ದ. ಅವನನ್ನು ಮಠದವರೆಗೂ ಕರೆತಂದ ಕೊಟ್ರೇಶ, ಕಾರು ನಿಂತದ್ದೇ ಇಳಿದು ಅದರ ಟೈರಿನ ಮುಂದೆ ಮಂಡಿಯೂರಿದ. ಒಂದು, ಎರಡು, ಮೂರು, ನಾಲ್ಕೂ ಸುತ್ತಿದ. ಏನಾದರೂ ಕಳೆದುಹೋಯಿತೇ ಎಂದು ದಾದಾಪೀರ ಕೇಳಿದ.

"ಸಿಕ್ಕಿತು," ಎಂದ ಕೊಟ್ರೇಶ. ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ: "ಅಜ್ಜಾರ, ಇವು ಹೋದ ವರ್ಷದವು. ನಾಲ್ಕೂ."

ಮುಖವೆಲ್ಲ ಧೂಳು, ಮಂಡಿಗೆಲ್ಲ ಮಣ್ಣು. ತಾನೇ ಕಾರು ಓಡಿಸುವ ಸೇವೆ ತಪ್ಪಿದ್ದು ಅವನಿಗೆ ಮರೆತೇ ಹೋಗಿತ್ತು. ಕಾರು ಹತ್ತುವಾಗ ಮಾತ್ರ ಒಂದು ನೆನಪಾಗಿ ತಿರುಗಿ ನಿಂತ.

"ನಮ್ಮ ಕಾರಿಗೂ ನಾಳೆ ಹೊಸ ಟೈರು ಹಾಕಸೂಣ್ರಿ. ವಿಭೂತಿ ಮಾತ್ರ ಎಲ್ಲಿ ಹಚ್ಚಲಿ?"

"ನಿನ್ನ ಹಣಿಗೆ ಹಚ್ಕೋ," ಎಂದರು ಅಜ್ಜಾರು. "ಟೈರು ಓದು."