ತೌಡು ಆರಿಸಿಕೊಂಡವಳು

ನಂಬದಿದ್ದರೆ ಬಿಡಿ, ಸುತ್ತಿನ ಹಳ್ಳಿಗಳಲ್ಲಿ ಅರ್ಥಶಾಸ್ತ್ರ ಓದಿ, ಅದನ್ನು ಗುರುಗಳ ಎದುರೇ ಬಿಚ್ಚುವ ಎದೆ ಇದ್ದದ್ದು ನನಗೊಬ್ಬನಿಗೇ. ಮಠದ ಜಗಲಿ ತುಂಬ ಜನ ಕೂತಿದ್ದಾಗಲೇ ಕೇಳಿದೆ: "ಗುರುಗಳೇ, ಮನುಷ್ಯನ ಮನಸ್ಸು ತಿಳಿಯಲು ಅವನ ಮಾತು ಯಾಕೆ ಬೇಕು? ಎದುರಿಗೆ ಎರಡು ವಸ್ತು ಇಡಿ. ಎತ್ತಿಕೊಂಡದ್ದೇ ಅವನ ಇಷ್ಟ. ಬಾಯಿ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ. ಹೌದೋ ಅಲ್ಲವೋ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಮನೆಗೆ ಒಬ್ಬ ಹೆಂಗಸು ಭತ್ತ ಕುಟ್ಟಲು ಬರುತ್ತಿದ್ದಳು. ದಿನದ ಕೂಲಿ, ಪದ್ಧತಿಯಂತೆ, ಒಂದು ಪಾವು ಅಕ್ಕಿ, ಇಲ್ಲವೇ ಒಂದು ಮೊರ ತೌಡು. ಯಾವುದು ಬೇಕೋ ಅದು. ಅವಳು ದಿನವೂ ತೌಡನ್ನೇ ಸೆರಗಿಗೆ ಸುರಿದುಕೊಳ್ಳುತ್ತಿದ್ದಳು. ಮನೆಯಲ್ಲಿ ಐದು ಬಾಯಿ. ಪಾವು ಅಕ್ಕಿ ಎರಡು ಬಾಯಿಗೂ ಸಾಲದು.

ವರ್ತಕ ಹೆಂಡತಿಗೆ ಹೇಳಿದ: "ನೋಡಿದೆಯಾ, ಇವರಿಗೆ ಅಕ್ಕಿಯ ರುಚಿಯೇ ಹತ್ತದು." ಮರುದಿನದಿಂದ ಅಕ್ಕಿ ಇಡುವುದನ್ನೇ ಬಿಟ್ಟ.

ಆಮೇಲೆ ತೌಡನ್ನು ಅರ್ಧ ಮೊರಕ್ಕೆ ಇಳಿಸಿದ. ಅವಳು ಬಂದಳು. ಕಾಲು ಮೊರಕ್ಕೆ ಇಳಿಸಿದ. ಆಗಲೂ ಬಂದಳು.

"ಒಡೆಯಾ, ಇಷ್ಟರಲ್ಲಿ ಮಕ್ಕಳು ಉಳಿಯುವುದಿಲ್ಲ," ಅಂದಳು.

"ಬೇಡವಾದರೆ ಬರಬೇಡ ತಾಯಿ. ನಿನ್ನನ್ನು ಕಟ್ಟಿಹಾಕಿದವರು ಯಾರು?" ಅಂದ ವರ್ತಕ.

ಆ ಊರಿನಲ್ಲಿ ಕೂಲಿ ಕೊಡುವ ಮನೆ ಇನ್ನೊಂದಿರಲಿಲ್ಲ. ಅವಳು ಒನಕೆ ಎತ್ತಿಕೊಂಡಳು. "ಬಾಯಿ ಏನಾದರೂ ಅನ್ನಲಿ, ಕೈ ನೋಡು," ಎಂದು ವರ್ತಕ ಹೆಂಡತಿಯ ಕಡೆ ತಿರುಗಿ ನಕ್ಕ.

ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಕರೆಯಲು ಹೋದ ಆಳು ಮರಳಿ ಬಂದು, ಕಿರಿಯ ಮಗುವನ್ನು ಮಣ್ಣು ಮಾಡುತ್ತಿದ್ದಾಳೆ ಎಂದ. ವರ್ತಕ ತಲೆದೂಗಿದ.

"ಇವತ್ತು ಅವಳಿಗೆ ಕೆಲಸ ಇಷ್ಟವಿಲ್ಲ," ಅಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆದರೆ ಸೋಲೊಪ್ಪುವ ಆಸಾಮಿಯೇ ನಾನು? "ಕತೆ ಕತೆಯೇ ಗುರುಗಳೇ. ತೌಡನ್ನು ಆರಿಸಿಕೊಂಡದ್ದಂತೂ ಅವಳೇ ತಾನೆ?" ಅಂದೆ.

ಊಟದ ಹೊತ್ತಾಯಿತು. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಅನ್ನ ಬಿತ್ತು. ನನ್ನ ಎಲೆಯ ಮುಂದೆ ಗುರುಗಳೇ ಬಂದು ನಿಂತರು. ಕೈಯಲ್ಲಿ ಕೊಟ್ಟಿಗೆಯ ತೌಡಿನ ಬುಟ್ಟಿ.

"ತೌಡೋ, ಉಪವಾಸವೋ, ನಿನ್ನ ಇಷ್ಟವಪ್ಪಾ," ಅಂದರು.

ಎಲೆಯನ್ನು ಬುಟ್ಟಿಯತ್ತ ಸರಿಸಿದೆ. ನನಗೆ ಸಿಕ್ಕಿದ್ದು ಒಂದು ಹಿಡಿ ತೌಡು.