ಹದಿನೈದು ಬಟ್ಟಲು ನೀರು

ಪೂಜ್ಯ ಶ್ರೀ ಗುರುನಂಜಾರ್ಯರು ಜಾಲಿಹೊಳೆಯ ಒಡ್ಡಿನ ಪಕ್ಕ, ಹೊಂಗೆಮರದಡಿಯ ಗುಡಿಸಲಿನಲ್ಲಿ ವಾಸವಾಗಿದ್ದ ಕಾಲದ ಮಾತಿದು. ಮಠವಿಲ್ಲ, ಪೀಠವಿಲ್ಲ, ಕೂರಲು ಒಂದು ಕಲ್ಲುಹಾಸು, ಕೈಗೆ ಕತ್ತಾಳೆ ನಾರು. ಬೆಳಗಿನ ಶಿವಪೂಜೆ ಮುಗಿಸಿ ಹಗ್ಗ ಹೊಸೆಯಲು ಕುಳಿತರೆ ಸಂಜೆಯವರೆಗೆ ಅದೇ ಕಾಯಕ. ಹೊಸೆದದ್ದನ್ನು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು. ಸುತ್ತಲಿನವರು ಅವರನ್ನು ಅಜ್ಜಯ್ಯನವರೆಂದೇ ಕರೆಯುತ್ತಿದ್ದರು. ಅವರ ಹೆಸರಿನಲ್ಲಿ ಪವಾಡ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಹೇಳಿಕೊಳ್ಳಲಿ. ಈ ಪ್ರಸಂಗದಲ್ಲಂತೂ ಪವಾಡ ಒಂದು ಚೂರೂ ಇಲ್ಲ.

ಆ ಒಡ್ಡಿನ ನೀರಿಗೆ ಎರಡು ಊರುಗಳು ಕಾಯುತ್ತಿದ್ದವು. ಒಡ್ಡಿನ ಬಲಕ್ಕೆ ತೆಗೆದ ಕಾಲುವೆ ಬಿದರಕಟ್ಟೆಯದು. ಆ ಕಾಲುವೆಯ ಬಾಯಿಗೆ ಹಲಗೆ ಹಾಕಿದರೆ ನೀರು ಹೊಳೆಗುಂಟ ಇಳಿದು ಕೆಳಗಿನ ನೆಲ್ಲಿಹಾಳಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಇಬ್ಬರಿಗೂ ಸಾಕಾಗಿ ಮಿಗುತ್ತಿತ್ತು; ಬೇಸಿಗೆ ಬೆಳೆಗೆ ಮಾತ್ರ ಪಾಳಿ. ಒಂದು ಊರಿಗೆ ಹದಿನೈದು ಬಟ್ಟಲು, ಆಮೇಲೆ ಇನ್ನೊಂದಕ್ಕೆ ಹದಿನೈದು. ಬಟ್ಟಲೆಂದರೆ ತಳದಲ್ಲಿ ಸಣ್ಣದೊಂದು ತೂತಿರುವ ತಾಮ್ರದ ಬಟ್ಟಲು. ನೀರು ತುಂಬಿದ ಬಾನಿಯಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರೇರಿ ಒಂದು ಗಳಿಗೆಗೆ ಮುಳುಗಬೇಕು. ಆಗ ಒಂದು ಲೆಕ್ಕ. ಒಂದೊಂದು ಊರಿಗೂ ಅದರದೇ ಬಟ್ಟಲು, ನೀರು ಹಂಚಲು ಅದರದೇ ನೀರಗಂಟಿ. ಬಿದರಕಟ್ಟೆಯ ನೀರಗಂಟಿ ಬೈಲಪ್ಪ, ನೆಲ್ಲಿಹಾಳಿನವನು ಕದರಪ್ಪ.

ಬೈಲಪ್ಪನಷ್ಟು ನಿಯತ್ತಿನ ಮನುಷ್ಯ ಆ ಸೀಮೆಯಲ್ಲೇ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಸ್ವಂತ ಅಣ್ಣನ ಮಗನೇ ಬಂದು “ಇನ್ನರ್ಧ ಬಟ್ಟಲು ಬಿಡು ಚಿಕ್ಕಪ್ಪ” ಎಂದು ಅಂಗಲಾಚಿದರೂ ಮುಖ ನೋಡದೆ ಹಲಗೆ ಹಾಕಿದವನು. ಅವನಪ್ಪ ಸಾಯುವ ಮುಂಚೆ ಬಟ್ಟಲನ್ನು ಕೈಯಲ್ಲಿಟ್ಟು, “ಬೂದಿ, ಹುಣಸೆಹಣ್ಣು ಹಾಕಿ ಉಜ್ಜಬ್ಯಾಡ ಕಣಪ್ಪ. ತೂತು ಸವೆದು ದೊಡ್ಡದಾದ್ರೆ ಊರಿಗೆ ಮೋಸ ಮಾಡ್ದಂಗೆ” ಎಂದಿದ್ದ. ಆ ಮಾತನ್ನು ಬೈಲಪ್ಪ ಇಪ್ಪತ್ತೆರಡು ವರ್ಷ ಚಾಚೂ ತಪ್ಪದೆ ನಡೆಸಿದ. ಬಟ್ಟಲು ಇದ್ದದ್ದು ದೇವರ ಗೂಡಿನಲ್ಲಿ. ಸೋಮವಾರಕ್ಕೊಮ್ಮೆ ಅದಕ್ಕೆ ಹಾಲೆರೆದು, ವಿಭೂತಿ ಬಳಿದು, ಕುಂಕುಮ ಇಟ್ಟು ಕೈಮುಗಿಯುತ್ತಿದ್ದ. ಹೆಂಡತಿ ಅದನ್ನು ಮುಟ್ಟುವ ಹಾಗೂ ಇರಲಿಲ್ಲ.

ಆ ಬೇಸಿಗೆ ನೆಲ್ಲಿಹಾಳಿನ ಬತ್ತ ಹಾಲು ತುಂಬುವ ಹೊತ್ತಿಗೆ ಗದ್ದೆ ಬಿರುಕುಬಿಟ್ಟಿತು. ಪಾಳಿಯ ಮೇಲೆ ಪಾಳಿ ಕಳೆದರೂ ಕೊನೆಯ ಗದ್ದೆಗಳಿಗೆ ನೀರು ಮುಟ್ಟಲಿಲ್ಲ. ಇನ್ನೊಂದು ವಾರ ಹೀಗೇ ಹೋದರೆ ತೆನೆಯೆಲ್ಲ ಜೊಳ್ಳು. ಅರ್ಧ ಊರು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಳ್ಳಬೇಕು. ಮೇಲಿನವರು ನೀರು ಕದಿಯುತ್ತಿದ್ದಾರೆಂದು ಗುಲ್ಲೆದ್ದಿತು. ವಿಚಿತ್ರವೆಂದರೆ, ಬೈಲಪ್ಪ ಎಣಿಸುವಾಗ ಪಕ್ಕದಲ್ಲಿ ಕುಳಿತು ತಾನೂ ಬೆರಳು ಮಡಿಸುತ್ತಿದ್ದವನು ಕದರಪ್ಪನೇ. ಹದಿನೈದು ಹದಿನಾರಾದದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ಆದರೂ ನೀರು ಸಾಲದು! ಹೊಟ್ಟೆ ಉರಿಯುವಾಗ ಬೆರಳಿನ ಲೆಕ್ಕ ಯಾರಿಗೆ ಬೇಕು? ಬೈಲಪ್ಪ ಕಳ್ಳ ಎಂಬ ಮಾತು ಊರೆಲ್ಲ ಹರಡಿತು. ನಾಳೆ ಗುದ್ದಲಿ, ಹಾರೆ ತಂದು ಒಡ್ಡನ್ನೇ ಕೀಳುತ್ತೇವೆಂದು ಕೆಳಗಿನವರು ಹೇಳಿಕಳಿಸಿದರು. ಒಡ್ಡು ಹೋದರೆ ಎರಡೂ ಊರಿಗೆ ನೀರಿಲ್ಲವೆಂಬುದು ಸಿಟ್ಟಿನಲ್ಲಿ ಯಾರಿಗೂ ಹೊಳೆದಂತಿರಲಿಲ್ಲ.

ಮರುದಿನ ಬೆಳಗ್ಗೆ ಬೈಲಪ್ಪ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲೇ ಗುಡಿಸಲ ಮುಂದೆ ಬಂದು ನಿಂತ. ಕೈಯಲ್ಲಿ ಬಟ್ಟಲು. ಎರಡೂ ಊರಿನ ಜನ ನೆರೆದಿದ್ದರು.

“ಅಜ್ಜಯ್ಯ, ತಮ್ಮ ಪಾದ ಮುಟ್ಟಿ ಆಣೆ ಇಡ್ತೀನಿ. ಒಂದು ತೊಟ್ಟು ಹೆಚ್ಚಿಗೆ ತಗೊಂಡಿದ್ರೆ ನನ್ನ ವಂಶ ನಿರ್ವಂಶ ಆಗ್ಲಿ” ಎಂದು ಬಗ್ಗಿದ.

ಅಜ್ಜಯ್ಯನವರು ಪಾದಗಳನ್ನು ಹಿಂದಕ್ಕೆಳೆದುಕೊಂಡರು.

ಬೈಲಪ್ಪ ಬಗ್ಗಿದಲ್ಲೇ ತಲೆಯೆತ್ತಿ ನೋಡಿದ. ಇವರೂ ನಂಬಲಿಲ್ಲವಲ್ಲ! ಜನ ಎತ್ತ ಹೆಚ್ಚಿದ್ದಾರೋ ಅತ್ತ ವಾಲುವ ಈ ಕಾವಿಯವರನ್ನು ನಂಬಿ ಬಂದ ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡ.

ಅಜ್ಜಯ್ಯನವರು ಕದರಪ್ಪನತ್ತ ನೋಡಿ, “ನಿನ್ನದನ್ನೂ ತಾ. ಎರಡನ್ನೂ ಒಂದೇ ಬಾನಿಗೆ ಬಿಡಿ” ಎಂದರು. ಅಷ್ಟು ಹೇಳಿ ಹಗ್ಗಕ್ಕೆ ಮರಳಿದರು.

ಎರಡು ಬಟ್ಟಲೂ ಒಟ್ಟಿಗೆ ತೇಲಿದವು. ಕದರಪ್ಪನ ಮನೆಯಲ್ಲಿ ಅಂಥ ಮಡಿಯೇನೂ ಇರಲಿಲ್ಲ. ಅವನ ತಾಯಿ ಮನೆಯ ಚೊಂಬು, ತಂಬಿಗೆಯ ಜೊತೆ ಅದನ್ನೂ ತೊಳೆದಿಡುತ್ತಿದ್ದಳು. ಗಳಿಗೆ ಕಳೆಯಿತು. ಅವನ ಬಟ್ಟಲು ಗುಳಕ್ಕೆಂದು ಮುಳುಗಿತು. ಬೈಲಪ್ಪನದು ತೇಲುತ್ತಲೇ ಇತ್ತು. ಕದರಪ್ಪ ತನ್ನದನ್ನು ಎತ್ತಿ, ನೀರು ಚೆಲ್ಲಿ ಮತ್ತೆ ಬಿಟ್ಟ. ಮುಳುಗು ತಾಯಿ, ಮುಳುಗು ಎಂದು ಬೈಲಪ್ಪ ಒಳಗೊಳಗೇ ಬೇಡಿಕೊಂಡ. ಎರಡನೆಯ ಸಲ ಬಿಟ್ಟ ಬಟ್ಟಲು ಅರ್ಧ ತುಂಬಿದ ಮೇಲಷ್ಟೇ ಅವನದು ಮುಳುಗಿತು. ಅವನ ಹದಿನೈದೆಂದರೆ ಕದರಪ್ಪನ ಇಪ್ಪತ್ತೆರಡರ ಮೇಲಾಯಿತು.

“ನೋಡ್ರೋ ಕಳ್ಳನ್ನ!” ಎಂದು ಕೆಳಗಿನವನೊಬ್ಬ ಕೂಗಿದ.

ಅಜ್ಜಯ್ಯನವರು ಎದ್ದು, ಬಟ್ಟಲನ್ನು ನೀರಿನಿಂದ ತೆಗೆದು, ಬೋರಲು ಮಾಡಿ ಕೂಗಿದವನ ಕೈಗೇ ಕೊಟ್ಟರು. ತೂತಿನ ಸುತ್ತ ವಿಭೂತಿ, ಹಾಲಿನ ಜಿಡ್ಡು, ಹೊಳೆನೀರಿನ ಸುಣ್ಣ ಎಲ್ಲ ಸೇರಿ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ವರ್ಷ ವರ್ಷವೂ ಕೂದಲೆಳೆಯಷ್ಟು ಕಟ್ಟಿದ್ದು ಯಾರ ಕಣ್ಣಿಗೆ ಬೀಳುತ್ತದೆ?

“ಇವನು ಕದ್ದಿಲ್ಲ” ಎಂದರು ಅಜ್ಜಯ್ಯನವರು. ಬಳಿಕ ಬೈಲಪ್ಪನತ್ತ ತಿರುಗಿ, ಮೆಲ್ಲಗೆ, “ಕೈಮುಗಿದೆಯಪ್ಪ, ಕಣ್ಣುಬಿಟ್ಟು ನೋಡಲಿಲ್ಲ” ಎಂದರು.

ಬೈಲಪ್ಪ ಅಲ್ಲೇ ಕುಸಿದು ಕುಳಿತು ಗೊಳೋ ಎಂದು ಅತ್ತ. ಆ ಪಾದ ಮುಟ್ಟಿದ್ದರೆ ತನ್ನ ಬಾಯಿಂದ ಎಂಥ ಸುಳ್ಳು ಆಣೆ ಬೀಳುತ್ತಿತ್ತು! ಅವರು ಪಾದ ಎಳೆದುಕೊಂಡದ್ದು ತನ್ನ ವಂಶ ಉಳಿಸಲಿಕ್ಕೆ ಎಂಬುದು ಆಗ ಅವನಿಗೆ ತಿಳಿಯಿತು. ಕಣ್ಣೊರೆಸಿಕೊಂಡು, “ಈಗಲೇ ಹುಣಸೆಹಣ್ಣು ತರ್ತೀನಿ, ಉಜ್ಜಿಬಿಡ್ತೀನಿ” ಎಂದ.

“ಈಗ ಬೇಡ. ನಿನ್ನದು ಅವನಿಗೆ ಕೊಡು, ಅವನದನ್ನು ನೀನು ತಗೋ. ಕೆಳಗಿನ ತೆನೆ ಬಲಿಯುವ ತನಕ ಹಾಗೇ ಅಳೆಯಿರಿ. ಆಮೇಲೆ ಎರಡನ್ನೂ ತೊಳೆದು ಒಂದೇ ಬಾನಿಗೆ ಬಿಡಿ.”

ಬಿದರಕಟ್ಟೆಯ ಪಟೇಲ ಸೋಮೇಗೌಡರಿಗೆ ಇದು ಹಿಡಿಸಲಿಲ್ಲ. “ಅಜ್ಜಯ್ಯ, ನಮ್ಮದೂ ಬೆಳೆ ನಿಂತದೆ. ಹಾಗಳೆದರೆ ನೀರು ಕಾಲುವೆ ಕೊನೆ ಮುಟ್ಟಾಕಿಲ್ಲ.”

“ಕೊನೆಯಲ್ಲಿ ಯಾರ ಗದ್ದೆ?”

ಕಾಲುವೆಯ ಕೊಟ್ಟಕೊನೆಯ ಹನ್ನೆರಡು ಗುಂಟೆ ನೀರಗಂಟಿಗೆ ಬಿಟ್ಟ ಜಮೀನು. ಕೊನೆಯ ಗದ್ದೆ ಅವನದಾದರೆ ನಡುವಿನ ಎಲ್ಲರಿಗೂ ನೀರು ಮುಟ್ಟಿಸಿಯೇ ತೀರುತ್ತಾನೆಂದು ಹಿಂದಿನವರು ಮಾಡಿದ ಏರ್ಪಾಟು ಅದು. ಎಲ್ಲರೂ ಬೈಲಪ್ಪನ ಕಡೆ ನೋಡಿದರು. ಅವನು ತನ್ನ ಬಟ್ಟಲನ್ನು ಕದರಪ್ಪನ ಕೈಗಿಟ್ಟ.

ಆ ದಿನದ ಮೊದಲ ಪಾಳಿ ಬಿದರಕಟ್ಟೆಯದು. ಹದಿನೈದನೆಯ ಬಟ್ಟಲು ಮುಳುಗುವಾಗ ನೀರು ಇನ್ನೂ ಬೈಲಪ್ಪನ ಪಕ್ಕದ ಗದ್ದೆಯ ಬದುವಿನಲ್ಲಿದೆಯೆಂದು ಸುದ್ದಿ ಬಂತು. ಬೈಲಪ್ಪ ಹಲಗೆ ಎತ್ತಿಕೊಂಡ. ಕದರಪ್ಪನಿಗೇ ತಡೆಯಲಾಗಲಿಲ್ಲ. “ಬೈಲಣ್ಣ, ಒಂದರ್ಧ ಬಟ್ಟಲು ಬಿಟ್ಕೊ. ನಾನು ಯಾರಿಗೂ ಹೇಳಾಕಿಲ್ಲ.”

“ಸುಮ್ನಿರಪ್ಪ” ಎಂದು ಬೈಲಪ್ಪ ಹಲಗೆ ಇಳಿಸಿ, ಸಂದಿಗೆ ಕೆಸರು ಮೆತ್ತಿದ.

ನೀರು ಕೆಳಕ್ಕೆ ತಿರುಗಿತು. ಅವನಿಗೇನನ್ನಿಸಿತೋ, ನೀರಿನ ಜೊತೆಗೇ ದಡದ ಮೇಲೆ ನಡೆಯತೊಡಗಿದ. ಅಷ್ಟು ವರ್ಷ ಹಲಗೆ ಹಾಕಿದವನು ಒಂದು ದಿನವೂ ಒಡ್ಡಿನಿಂದ ಕೆಳಗೆ ಹೋಗಿ ನೋಡಿದವನಲ್ಲ. ಹೊತ್ತಿಳಿಯುವಾಗ ನೆಲ್ಲಿಹಾಳಿನ ಕೊನೆಯ ಗದ್ದೆ ಬಂತು. ಬಿರುಕಿನಲ್ಲಿ ಕಾಲು ತೂರುವಂತಿತ್ತು. ಬದುವಿನ ಮೇಲೆ ಮುದುಕಿಯೊಬ್ಬಳು ಗುದ್ದಲಿ ಊರಿಕೊಂಡು ಕುಳಿತಿದ್ದಳು. ನೀರು ಕಂಡದ್ದೇ ಎದ್ದು, ಬೊಗಸೆಯಲ್ಲಿ ತುಂಬಿ ಕಣ್ಣಿಗೊತ್ತಿಕೊಂಡಳು. ಅಪರಿಚಿತನನ್ನು ಕಂಡು ಅವಳ ಬಾಯಿ ತಡೆಯಲಿಲ್ಲ.

“ಬಂತು ನೋಡಪ್ಪ! ಆ ಮೇಲಿನೂರ ಕಳ್ಳ ಬೈಲಪ್ಪ ಇವತ್ತು ಬಿಟ್ಟ ಅಂತ ಕಾಣ್ತದೆ.”

ಬೆಳಗ್ಗೆ ಆ ಒಂದು ಮಾತಿಗೆ ವಂಶವನ್ನೇ ಆಣೆಗಿಡಲು ಹೊರಟಿದ್ದವನು ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ.

“ಹೂಂ ಕಣವ್ವ, ಇವತ್ತು ಬಿಟ್ಟ” ಎಂದು ಬದು ಕಡಿದು, ಅವಳ ಗದ್ದೆಗೆ ನೀರು ತಿರುವಿದ.